ಪದಚರ್ಚೆ: ಉಕ್ಕಿನ ‘ಗಡಸುತನ’ ಬೇರೆ, ಗಡಸು ಒಳಗಿಳಿಯುವ ಗುಣ ಬೇರೆ

ಕೇಳಿಕೆ (ಕಾಸರಗೋಡಿನಿಂದ):

ಬಳಗದವರಿಗೆ ನಮಸ್ಕಾರ. ಇಲ್ಲಿ ಕನ್ನಡ ಮಾಧ್ಯಮದಲ್ಲಿ ಓದಿ ಐಟಿಐಗೆ ಸೇರುವ ಮಕ್ಕಳಿಗಾಗಿ ಹೀಟ್ ಟ್ರೀಟ್‌ಮೆಂಟ್ (ಕಾಯಿಸಿ ತಣಿಸಿ ಉಕ್ಕಿನ ಗುಣ ಬದಲಿಸುವುದು) ಪಾಠವನ್ನು ಕನ್ನಡದಲ್ಲಿ ಬರೆಯುತ್ತಿದ್ದೇವೆ. ಹಾರ್ಡ್‌ನೆಸ್‌ಗೆ ‘ಗಡಸುತನ’ ಎಂದಿದ್ದೇವೆ. ಹಾರ್ಡನಬಿಲಿಟಿಗೂ (ತಣಿಸಿದಾಗ ಗಡಸು ಎಷ್ಟು ಆಳಕ್ಕೆ ಹೋಗುತ್ತದೆಂಬ ಗುಣ) ಅದನ್ನೇ ಬಳಸಿದರೆ ‘ಕ್ರೋಮಿಯಂ ಬೆರೆಸಿದರೆ ಉಕ್ಕಿನ ಗಡಸುತನ ಹೆಚ್ಚುತ್ತದೆ’ ಎಂಬಂಥ ವಾಕ್ಯಗಳು ಬರುತ್ತವೆ. ಇವು ಸರಿಯೇ? ‘ಹದ’ ಎಂಬ ಪದವನ್ನು ಎಲ್ಲಿ ಬಳಸಬಹುದು? ಪರ್ಲೈಟ್, ಮಾರ್ಟೆನ್ಸೈಟ್‌ನಂಥ ಉಕ್ಕಿನ ಒಳರಚನೆಗಳ ಹೆಸರನ್ನೂ ಕನ್ನಡಿಸಬೇಕೇ?

ಉತ್ತರ (ಹೊಸೂರಿನಿಂದ):

ಮಾನ್ಯರೇ, ಆ ವಾಕ್ಯವನ್ನು ದಯವಿಟ್ಟು ಹಾಗೆಯೇ ಬಿಡಬೇಡಿ. ಓದಿದ ಹುಡುಗ ನಾಳೆ ತಪ್ಪು ಉಕ್ಕನ್ನು ಆರಿಸುತ್ತಾನೆ.

ಇಎನ್ 8 ಮತ್ತು ಇಎನ್ 24 ಎಂಬ ಎರಡು ದರ್ಜೆಯ ಉಕ್ಕುಗಳನ್ನು ಎದುರಿಗಿಟ್ಟು ನೋಡಿ. ಎರಡರಲ್ಲೂ ಇಂಗಾಲ ಒಂದೇ, ಶೇ. 0.36ರಿಂದ 0.44. ಇಎನ್ 24ರಲ್ಲಿ ಅದರ ಜೊತೆಗೆ ನಿಕಲ್ ಶೇ. 1.3–1.7, ಕ್ರೋಮಿಯಂ 1.0–1.4, ಮಾಲಿಬ್ಡಿನಂ 0.20–0.35 ಇರುತ್ತವೆ. ಕೆಂಪಗೆ ಕಾಯಿಸಿ ತಣಿಸಿದಾಗ ಪೂರ್ತಿ ಮಾರ್ಟೆನ್ಸೈಟ್ (ಬೇಗ ತಣಿಸಿದಾಗ ಹುಟ್ಟುವ ಗಡಸು ರಚನೆ) ಆದ ಜಾಗದಲ್ಲಿ ಎರಡರ ಗಡಸೂ ರಾಕ್‌ವೆಲ್ ಸಿ ಅಳತೆಯಲ್ಲಿ 56ರ ಆಸುಪಾಸು. ಏಕೆಂದರೆ ಮಾರ್ಟೆನ್ಸೈಟ್ ಎಷ್ಟು ಗಡಸಾಗಬಲ್ಲದು ಎಂಬುದನ್ನು ಹೆಚ್ಚುಕಡಿಮೆ ಇಂಗಾಲವೊಂದೇ ನಿರ್ಧರಿಸುತ್ತದೆ. ವ್ಯತ್ಯಾಸ ಕಾಣುವುದು 50 ಮಿ.ಮೀ. ದಪ್ಪದ ಸರಳನ್ನು ಕೊಯ್ದಾಗ. ನೀರಿನಲ್ಲಿ ತಣಿಸಿದರೂ ಇಎನ್ 8ರಲ್ಲಿ ಗಡಸು ಕೆಲವೇ ಮಿ.ಮೀ. ಇಳಿದು ನಿಲ್ಲುತ್ತದೆ, ನಡುಭಾಗದ ಗಡಸು ಅದೇ ರಾಕ್‌ವೆಲ್ ಅಳತೆಯಲ್ಲಿ 25ರ ಹತ್ತಿರಕ್ಕೆ ಬಿದ್ದಿರುತ್ತದೆ. ಇಎನ್ 24 ಎಣ್ಣೆಯಲ್ಲಿ ತಣಿದರೂ ನಡುವಿನವರೆಗೆ 50ರ ಮೇಲೆಯೇ ಇರುತ್ತದೆ.

ಹೀಗಾಗುವುದು ಏಕೆಂದರೆ, ಆಸ್ಟೆನೈಟ್ (ಕೆಂಪಗೆ ಕಾದಾಗಿನ ರಚನೆ) ಪರ್ಲೈಟ್ (ನಿಧಾನ ತಣಿದಾಗ ಹುಟ್ಟುವ ಮೆತ್ತನೆಯ ರಚನೆ) ಆಗಬೇಕಾದರೆ ಇಂಗಾಲ ಜಾಗ ಬದಲಿಸಿ ಪದರ ಪದರವಾಗಿ ಕೂಡಬೇಕು. ಕ್ರೋಮಿಯಂ, ಮಾಲಿಬ್ಡಿನಂ ಇದ್ದರೆ ಅವೂ ಸರಿಯಬೇಕಾಗುತ್ತದೆ, ಆದರೆ ಅವು ಬಹಳ ನಿಧಾನ. ನಿಕಲ್, ಮ್ಯಾಂಗನೀಸ್‌ಗಳು ಆಸ್ಟೆನೈಟನ್ನು ಇನ್ನೂ ಕೆಳಗಿನ ತಾಪದವರೆಗೆ ಹಿಡಿದಿಡುತ್ತವೆ. ಪರ್ಲೈಟ್ ತಡವಾದಷ್ಟೂ ನಿಧಾನ ತಣಿಯುವ ನಡುಭಾಗಕ್ಕೆ ಸಮಯ ಸಿಗುತ್ತದೆ. ಅದು ಸುಮಾರು 300 ಡಿಗ್ರಿ ಸೆ.ಗೆ ಇಳಿದು ಮಾರ್ಟೆನ್ಸೈಟ್ ಆಗತೊಡಗುತ್ತದೆ. ಹೀಗೆ ತಡಮಾಡಲು ಬೋರಾನ್ ಅಂತೂ ಶೇ. 0.001–0.003 ಸಾಕು. ಆದರೆ ಉಕ್ಕಿನಲ್ಲಿರುವ ಸಾರಜನಕ ಅದನ್ನು ಕಟ್ಟಿಹಾಕಿಬಿಡುತ್ತದೆ, ಹಾಗಾಗಿ ಟೈಟಾನಿಯಂ ಕೊಟ್ಟು ಬೋರಾನನ್ನು ಕಾಪಾಡುತ್ತಾರೆ.

ಆದ್ದರಿಂದ ಹಾರ್ಡ್‌ನೆಸ್‌ಗೆ ‘ಗಡಸುತನ’ ಇರಲಿ, ಹಾರ್ಡನಬಿಲಿಟಿಗೆ ‘ಗಡಸಿಳಿತ’ (ಗಡಸು ಒಳಕ್ಕಿಳಿಯುವುದು) ಎನ್ನೋಣ. ‘ಗಡಸೇರಿಕೆ’ ಎಂದೂ ಹೇಳಬಹುದು, ಆದರೆ ಅದರಲ್ಲಿ ಆಳದ ಸುಳಿವಿಲ್ಲ. ಅಳೆಯುವುದು ಆಳವನ್ನೇ. ಜೊಮಿನಿ ಪರೀಕ್ಷೆಯಲ್ಲಿ 25 ಮಿ.ಮೀ. ದಪ್ಪ, 100 ಮಿ.ಮೀ. ಉದ್ದದ ತುಂಡನ್ನು ಕಾಯಿಸಿ, ಒಂದು ತುದಿಗೆ ಮಾತ್ರ ನೀರು ಚಿಮ್ಮಿಸಿ, ಆ ತುದಿಯಿಂದ ದೂರ ಹೋದಂತೆ ಗಡಸು ಹೇಗೆ ಕಡಿಮೆಯಾಗುತ್ತದೆಂದು ನೋಡುತ್ತಾರೆ. ನಿಮ್ಮ ವಾಕ್ಯ ಹೀಗಾಗಲಿ: ‘ಕ್ರೋಮಿಯಂ ಗಡಸಿಳಿತವನ್ನು ಹೆಚ್ಚಿಸುತ್ತದೆ, ಗಡಸುತನದ ಮಿತಿಯನ್ನು ಇಂಗಾಲ ನಿರ್ಧರಿಸುತ್ತದೆ.’

ಇದರ ಜೊತೆಗೆ ಒಂದು ಎಚ್ಚರಿಕೆಯನ್ನೂ ಬರೆಯಿರಿ. ಬೆರಕೆ ಧಾತು ಆಸ್ಟೆನೈಟಿನಲ್ಲಿ ಕರಗಿದ್ದರೆ ಮಾತ್ರ ಈ ಲಾಭ. ಇಎನ್ 24ನ್ನು 830–850 ಡಿಗ್ರಿಗೆ ಏರಿಸಿ, 25 ಮಿ.ಮೀ. ದಪ್ಪಕ್ಕೆ ಒಂದು ಗಂಟೆಯ ಲೆಕ್ಕದಲ್ಲಿ ಇಡದೆ ಅವಸರದಿಂದ ತೆಗೆದರೆ ಕ್ರೋಮಿಯಂ ಕಾರ್ಬೈಡಿನಲ್ಲೇ (ಇಂಗಾಲದೊಡನೆ ಕೂಡಿದ ಸಂಯುಕ್ತ) ಉಳಿದು ನಡುಭಾಗ ಮೆತ್ತಗಾಗುತ್ತದೆ. ತಾಪ ಮಿತಿಮೀರಿದರೆ ಉಕ್ಕಿನ ಹರಳುಕಣಗಳು ದಪ್ಪವಾಗುತ್ತವೆ. ಪರ್ಲೈಟ್ ಹುಟ್ಟುವುದು ಕಣಗಳ ಅಂಚಿನಲ್ಲಾದ್ದರಿಂದ, ಅಂಚು ಕಡಿಮೆಯಾಗಿ ಗಡಸಿಳಿತ ಹೆಚ್ಚಿದರೂ ಪೆಟ್ಟು ತಾಳುವ ಶಕ್ತಿ ಕುಗ್ಗುತ್ತದೆ. ವೆನೇಡಿಯಂ ಹಾಕುವುದು ಮುಖ್ಯವಾಗಿ ಕಣಗಳನ್ನು ಸಣ್ಣದಾಗಿಡಲು. ಗಡಸಿಳಿತ ಹೆಚ್ಚಿರುವ ಉಕ್ಕನ್ನು ನೀರಿಗೆ ಹಾಕಿದರೆ ಸೀಳುವ ಸಂಭವವೂ ಹೆಚ್ಚು, ಅದಕ್ಕೇ ಎಣ್ಣೆ.

‘ಪೆಡಸು’ ಪದವನ್ನು ಗಡಸಿಗೆ ಬದಲಾಗಿ ಬಳಸಬೇಡಿ, ಅದು ಬ್ರಿಟಲ್‌ಗೆ (ಪೆಟ್ಟು ಬಿದ್ದರೆ ಒಡೆಯುವ ಗುಣ) ಮೀಸಲಿರಲಿ. ನಿಕಲ್–ಕ್ರೋಮಿಯಂ ಉಕ್ಕನ್ನು ಟೆಂಪರ್ ಮಾಡಿ (ತಣಿಸಿದ್ದನ್ನು ಮತ್ತೆ ಕಾಯಿಸಿ) 575ರಿಂದ 375 ಡಿಗ್ರಿವರೆಗೆ ನಿಧಾನ ತಣಿಯಲು ಬಿಟ್ಟರೆ ರಂಜಕದಂಥ ಕಲ್ಮಶಗಳು ಕಣಗಳ ಅಂಚಿಗೆ ಸೇರಿ ಉಕ್ಕು ಪೆಡಸಾಗುತ್ತದೆ. ಗಡಸನ್ನು ಅಳೆದರೆ ಏನೂ ತಿಳಿಯುವುದಿಲ್ಲ, ಅಂಕಿ ಮೊದಲಿನಂತೆಯೇ ಇರುತ್ತದೆ. ಪೆಟ್ಟು ಕೊಟ್ಟು ನೋಡುವ ಇಂಪ್ಯಾಕ್ಟ್ ಪರೀಕ್ಷೆಯಲ್ಲಿ ಮಾತ್ರ ಬಯಲಾಗುತ್ತದೆ. ಇಎನ್ 24ರಲ್ಲಿ ಮಾಲಿಬ್ಡಿನಂ ಇರುವುದಕ್ಕೆ ಇದೂ ಒಂದು ಕಾರಣ. ಗಡಸು, ಪೆಡಸು ಎಂಬ ಎರಡು ಪದ ಏಕೆ ಬೇಕೆಂದು ಮಕ್ಕಳಿಗೆ ತೋರಿಸಲು ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ತೋಚುತ್ತಿಲ್ಲ.

‘ಹದ’ವನ್ನು ಟೆಂಪರಿಂಗ್‌ಗೆ ಕೊಡಿ, ತಣಿಸುವುದಕ್ಕೆ ಬೇಡ. ಹೊಸೂರಿನಲ್ಲಿ ತಮಿಳರ ‘ಪದಂ’, ತೆಲುಗರ ‘ಪದುನು’ ನಮ್ಮ ಹದದ ಪಕ್ಕದಲ್ಲೇ ಇವೆ. ಕಲಿಯುವ ಹುಡುಗರಿಗೆ ಬೇಗ ಹತ್ತುವ ಮಾತು. ತಣಿಸಿದ ಉಕ್ಕು ಗಡಸೂ ಹೌದು, ಪೆಡಸೂ ಹೌದು. ಕೈಗೆ ಬೆಚ್ಚಗೆ ತಾಕುವಷ್ಟು ಇಳಿದ ಕೂಡಲೇ ಮತ್ತೆ ಕಾಯಿಸಿ ಹದಕ್ಕೆ ತರಬೇಕು, ರಾತ್ರಿಯಿಡೀ ಹಾಗೇ ಬಿಟ್ಟರೆ ಬಿರುಕು ಬಿಡಬಹುದು.

ಇನ್ನು ಹೆಸರುಗಳು. ಮಾರ್ಟೆನ್ಸೈಟ್ ಎಂಬುದು ಅಡಾಲ್ಫ್ ಮಾರ್ಟೆನ್ಸ್ ಅವರ, ಆಸ್ಟೆನೈಟ್ ಎಂಬುದು ರಾಬರ್ಟ್ಸ್-ಆಸ್ಟೆನ್ ಅವರ ಹೆಸರಿನಿಂದ ಬಂದದ್ದು. ಇವನ್ನು ಕನ್ನಡಿಸುವುದು ಸಲ್ಲ. ಪರ್ಲೈಟ್‌ಗೆ ಮುತ್ತಿನ ಹೊಳಪೇ ಮೂಲವಾದರೂ ಮೂರರಲ್ಲಿ ಒಂದನ್ನು ಮಾತ್ರ ಬದಲಿಸಿದರೆ ಕಾರ್ಖಾನೆಯಲ್ಲಿ ಚಾರ್ಟ್ ಓದುವಾಗ ಮಕ್ಕಳು ತಡಬಡಿಸುತ್ತಾರೆ. ಹಾಗೇ ಬರೆದು, ಮೊದಲ ಸಲ ಬಂದಾಗ ‘ಫೆರೈಟ್ (ಹೆಚ್ಚುಕಡಿಮೆ ಶುದ್ಧ ಕಬ್ಬಿಣ), ಸಿಮೆಂಟೈಟ್ (ಕಬ್ಬಿಣದ ಕಾರ್ಬೈಡ್) ಪದರಗಳು ಒಂದರ ಪಕ್ಕ ಒಂದು ಕೂತ ರಚನೆ’ ಎಂದು ವಿವರಿಸಿ.