ಕೊಂಬುಚಾ ಪಾತ್ರೆಗೆ ಎಂಥ ವಾಲ್ವ್ ಸೂಕ್ತ?

ಪ್ರಶ್ನೆ – ದಾವಣಗೆರೆಯಿಂದ

ಮನೆಯಲ್ಲಿ ಗಾಜಿನ ಭರಣಿಗಳಲ್ಲಿ ಕೊಂಬುಚಾ ಎಂಬ ಹುಳಿ ಚಹಾ ಹುದುಗಿಸುತ್ತಿದ್ದ ನಾನು ಈಚೆಗೆ 30 ಲೀಟರಿನ ಸ್ಟೀಲ್ ಪಾತ್ರೆ ಕೊಂಡು, ತಳದ ಬಳಿ ರಂಧ್ರ ಕೊರೆಸಿ, ಹಾರ್ಡ್‌ವೇರ್ ಅಂಗಡಿಯಿಂದ ತಂದ ಅರ್ಧ ಇಂಚಿನ ಹಿತ್ತಾಳೆ ವಾಲ್ವ್ ಕೂರಿಸಿದೆ. ಮೂರನೆಯ ಸಲ ಪಾನೀಯಕ್ಕೆ ಲೋಹದ ಒಗರು ಬಂದದ್ದರಿಂದ ಅಷ್ಟನ್ನೂ ಚೆಲ್ಲಿದೆ. ಬಳಿಕ ಬಿಯರ್ ತಯಾರಿಕೆಗೆಂದು ಹೊರದೇಶದಿಂದ ಬರುವ ಸ್ಟೀಲ್ ವಾಲ್ವೊಂದನ್ನು ತರಿಸಿದೆ. (ಬಿಯರ್ ಮಾಡಲು ಅಬಕಾರಿ ಪರವಾನಗಿ ಬೇಕು, ನನ್ನದು ಬರೀ ಹುಳಿ ಚಹಾ.) ಅದು ಇಲ್ಲಿನ ನಿಪ್ಪಲ್‌ಗೆ (ಪಾತ್ರೆಗೂ ವಾಲ್ವಿಗೂ ನಡುವಿನ ತಿರುಪಿನ ಗಿಡ್ಡ ಕೊಳವೆ) ಮೂರು ಸುತ್ತು ಸಲೀಸಾಗಿ ಹತ್ತಿ ಬಿಗಿಯಾಗುತ್ತದೆ, ಆದರೆ ಎಷ್ಟು ಟೆಫ್ಲಾನ್ ಟೇಪ್ ಸುತ್ತಿದರೂ ತೊಟ್ಟಿಕ್ಕುವುದು ನಿಲ್ಲುವುದಿಲ್ಲ. ದೋಷ ವಾಲ್ವಿನದೋ, ನನ್ನ ಕೈಯದೋ ತಿಳಿದವರು ದಯವಿಟ್ಟು ಹೇಳಬೇಕು.

ಉತ್ತರ – ಚಿತ್ರದುರ್ಗದಿಂದ, ಹಾಲಿನ ಯಂತ್ರಗಳ ನಿರ್ವಹಣೆಯಲ್ಲಿರುವವರು

ಮಾನ್ಯರೇ, ಚೆಲ್ಲಿದ್ದು ಒಳ್ಳೆಯದಾಯಿತು. ಹಿತ್ತಾಳೆಯಲ್ಲಿ ತಾಮ್ರ, ಸತುವುಗಳ ಜೊತೆಗೆ ಕಡೆಯಲು ಸುಲಭವಾಗಲೆಂದು ತುಸು ಸೀಸವನ್ನೂ ಬೆರೆಸುವುದುಂಟು. ಪಿಎಚ್ 3ರ ಆಸುಪಾಸಿನ ಹುಳಿಯು ವಾರಗಟ್ಟಲೆ ಅದನ್ನು ಮುಟ್ಟಿಕೊಂಡಿದ್ದರೆ ಇವೆಲ್ಲ ಪಾನೀಯಕ್ಕೆ ಇಳಿಯುತ್ತವೆ.

ಸೋರಿಕೆಯಲ್ಲಿ ತಮ್ಮ ಕೈಯ ದೋಷವೇನೂ ಇಲ್ಲ. ನಮ್ಮ ಅಂಗಡಿಗಳಲ್ಲಿ ಸಿಗುವುದು ಬಿಎಸ್‌ಪಿ ಥ್ರೆಡ್, ಅಂದರೆ ಬ್ರಿಟಿಷ್ ಮಾನಕದ ತಿರುಪು. ತಾವು ತರಿಸಿದ್ದು ಬಹುಶಃ ಅಮೆರಿಕದ ಮಾನಕವಾದ ಎನ್‌ಪಿಟಿ. ಅರ್ಧ ಇಂಚಿನಲ್ಲಿಯೂ ಮುಕ್ಕಾಲು ಇಂಚಿನಲ್ಲಿಯೂ ಎರಡಕ್ಕೂ ಇಂಚಿಗೆ 14 ಸುತ್ತುಗಳೇ ಇರುವುದರಿಂದ ಒಂದರೊಳಗೊಂದು ಹತ್ತಿ ಮೋಸಗೊಳಿಸುತ್ತವೆ, ಆದರೆ ಮೊದಲನೆಯದರ ಹಲ್ಲಿನ ಕೋನ 55 ಡಿಗ್ರಿ, ಎರಡನೆಯದರದು 60 ಡಿಗ್ರಿ. ಈ ಅಂತರವನ್ನು ಟೇಪು ತುಂಬಲಾರದು, ಹೆಚ್ಚು ಬಲ ಹಾಕಿದರೆ ಹಲ್ಲುಗಳೇ ಕೆಡುತ್ತವೆ. ಒಂದು ಇಂಚಿನದಾಗಿದ್ದರೆ 11 ಮತ್ತು ಹನ್ನೊಂದೂವರೆ ಸುತ್ತುಗಳ ವ್ಯತ್ಯಾಸದಿಂದ ಆರಂಭದಲ್ಲೇ ತಡೆದು, ಗುಟ್ಟು ಬಯಲಾಗುತ್ತಿತ್ತು.

ವಾಲ್ವ್ ಕೊಳ್ಳುವಾಗ ಮೂರು ತುಂಡುಗಳಾಗಿ ಬಿಚ್ಚಲು ಬರುವ ಬಾಲ್ ವಾಲ್ವನ್ನೇ (ಒಳಗಿನ ತೂತಿನ ಗುಂಡು ತಿರುಗಿ ತೆರೆದು ಮುಚ್ಚುವಂಥದ್ದು) ಕೇಳಿ. ಮುಚ್ಚಿದ ವಾಲ್ವಿನ ಗುಂಡಿನ ಸುತ್ತ ಸ್ವಲ್ಪ ದ್ರವ ಸಿಕ್ಕಿಕೊಂಡೇ ಇರುತ್ತದೆ; ಒಂದೇ ತುಂಡಿನದಾದರೆ ಅಲ್ಲಿಗೆ ಬ್ರಷ್ಷೂ ತಲುಪದು, ಬಿಸಿನೀರೂ ಸರಿಯಾಗಿ ತಲುಪದು. ಡೇರಿಗಳಲ್ಲಿ ಬಿಚ್ಚಿ ತೊಳೆಯುವ ಯೂನಿಯನ್, ಕ್ಲ್ಯಾಂಪ್ ಎಂಬ ಕೊಳವೆ ಜೋಡಣೆಗಳನ್ನು ಬಳಸುವುದು ಇದೇ ಕಾರಣಕ್ಕೆ.

ಉತ್ತರ – ದಾವಣಗೆರೆಯಿಂದ, ಸ್ಟೀಲ್ ಪಾತ್ರೆಗಳ ವೆಲ್ಡಿಂಗ್ ಮಾಡುವವರು

ಮೇಲಿನವರ ಮಾತು ಸರಿ, ಆದರೆ 30 ಲೀಟರಿಗೆ ಕ್ಲ್ಯಾಂಪ್ ಜೋಡಣೆ ದುಬಾರಿಯ ಶೋಕಿ ಎಂಬುದು ನನ್ನ ಅಭಿಪ್ರಾಯ. ಆ ಹಣವನ್ನು ಲೋಹದ ಗುಣಮಟ್ಟಕ್ಕೆ ಹಾಕಿ. ಅಂಗಡಿಯವರು ಅಯಸ್ಕಾಂತ ಹಿಡಿದು, ಅಂಟಲಿಲ್ಲವಾದ್ದರಿಂದ 304 (ಆಹಾರದ ಪಾತ್ರೆಗಳಿಗೆ ಒಪ್ಪುವ ಸ್ಟೀಲ್ ದರ್ಜೆ) ಎನ್ನುತ್ತಾರೆ. ಆದರೆ ನಿಕಲ್ ಕಡಿಮೆ ಮಾಡಿ ಮ್ಯಾಂಗನೀಸ್ ತುಂಬಿದ ಅಗ್ಗದ 202 ಕೂಡ ಅಯಸ್ಕಾಂತಕ್ಕೆ ಅಂಟುವುದಿಲ್ಲ. ಗುಜರಿಯವರು ಬಳಸುವ, ತೊಟ್ಟು ಹಾಕಿ ಬಣ್ಣ ನೋಡುವ ಮ್ಯಾಂಗನೀಸ್ ಪರೀಕ್ಷೆಯ ದ್ರಾವಣದಿಂದ ಇವೆರಡರ ವ್ಯತ್ಯಾಸ ತಿಳಿಯುತ್ತದೆ. ಬಿಲ್ಲಿನ ಮೇಲೆ ದರ್ಜೆಯನ್ನು ಬರೆಸಿಕೊಳ್ಳುವುದನ್ನೂ ಮರೆಯಬೇಡಿ. ತೋಟದ ಹನಿ ನೀರಾವರಿಗೆ ಮಾರುವ ಪ್ಲಾಸ್ಟಿಕ್ ವಾಲ್ವುಗಳ ಗೋಜಿಗೆ ಹೋಗಬೇಡಿ, ಅವು ಆಹಾರಕ್ಕಾಗಿ ಮಾಡಿದವಲ್ಲ.

ಪ್ರಶ್ನೆ ಕೇಳಿದವರು

ಇಬ್ಬರಿಗೂ ಧನ್ಯವಾದಗಳು. ನಿಪ್ಪಲ್ ಪಾತ್ರೆಯ ಗೋಡೆಯನ್ನು ಸೇರುವಲ್ಲಿಯೂ ಟೇಪ್ ಸುತ್ತಬೇಕೇ? ತೊಳೆಯಲು ಬ್ಲೀಚಿಂಗ್ ಪುಡಿ ಆಗುತ್ತದೆಯೇ?

ಉತ್ತರ – ಚಿತ್ರದುರ್ಗದಿಂದ, ಮೊದಲಿನವರೇ

ಗೋಡೆಯ ಬಳಿ ಟೇಪಿಗೆ ಕೆಲಸವಿಲ್ಲ. ಅಲ್ಲಿ ಸೋರಿಕೆ ತಡೆಯುವುದು ಒಳಬದಿಯಲ್ಲಿ ಕೂರುವ, ಆಹಾರ ದರ್ಜೆಯ ಸಿಲಿಕೋನ್ ವಾಷರ್. ಅರ್ಧ ಇಂಚಿನ ಬಿಎಸ್‌ಪಿಯ ಹೊರವ್ಯಾಸ ಸುಮಾರು 21 ಮಿಲಿಮೀಟರ್ ಆದ್ದರಿಂದ ರಂಧ್ರ ಅದಕ್ಕಿಂತ ಕೂದಲೆಳೆಯಷ್ಟು ಮಾತ್ರ ದೊಡ್ಡದಿರಲಿ. ಅಂಚಿನ ಚೂಪನ್ನು ಅರದಿಂದ ಉಜ್ಜಿ ತೆಗೆಯದಿದ್ದರೆ ವಾಷರ್ ಹರಿಯುತ್ತದೆ. ಬ್ಲೀಚಿಂಗ್ ಪುಡಿ ಬೇಡ, ಅದರ ಕ್ಲೋರಿನ್ ಸ್ಟೀಲಿನಲ್ಲಿ ಸಣ್ಣ ಗುಳಿಗಳನ್ನು ಕೊರೆಯುತ್ತದೆ. ವಾಲ್ವನ್ನು ಬಿಚ್ಚಿ ತೊಳೆದು ಮತ್ತೆ ಜೋಡಿಸಿದ ಮೇಲೆ ಹಿಡಿಯನ್ನು ಅರ್ಧ ತೆರೆದ ಸ್ಥಿತಿಯಲ್ಲಿಟ್ಟು ಕುದಿನೀರು ಹಾಯಿಸಿದರೆ ಗುಂಡಿನ ಹಿಂಬದಿಯೂ ಶುದ್ಧವಾಗುತ್ತದೆ. ಚಹಾ ಸುರಿಯುವ ಮುನ್ನ ಬರೀ ನೀರು ತುಂಬಿ, ವಾಲ್ವಿನ ಕೆಳಗೆ ಒಣ ಕಾಗದವಿಟ್ಟು, ಒಂದು ರಾತ್ರಿ ಬಿಟ್ಟು ನೋಡಿ.