ತಿಪಟೂರು ದೊಡ್ಡಪ್ಪನ 799ರ ಡಬ್ಬಿ

ನಮ್ಮ ಮನೆಯವರ ವಾಟ್ಸಾಪ್ ಗುಂಪಲ್ಲಿ ಭಾನುವಾರ ಬೆಳಿಗ್ಗೆ ಶುರುವಾಗಿದ್ದು ರಾತ್ರಿ ಊಟದ ತನಕ ಎಳೀತು. ನಾನು ತುಮಕೂರಲ್ಲಿ ಎಲೆಕ್ಟ್ರಿಕಲ್ ಡಿಪ್ಲೊಮಾ ಕೊನೇ ವರ್ಷ, ಗುಂಪಲ್ಲಿ ಎಲ್ಲರಿಗಿಂತ ಚಿಕ್ಕೋಳು, ಹಂಗಾಗಿ ನನ್ನ ಮಾತಿಗೆ ಎಷ್ಟು ಬೆಲೆ ಅಂತ ನೀವೇ ನೋಡಿ. ಮಧ್ಯೆ ಬಂದ ಶುಭೋದಯದ ಹೂವು, ನಾಮಕರಣದ ಫೋಟೋ ಎಲ್ಲ ತೆಗೆದಿದೀನಿ.

ತಿಪಟೂರು ದೊಡ್ಡಪ್ಪ: (ವಿಡಿಯೋ) ಎಲ್ರೂ ಪೂರ್ತಿ ನೋಡಿ. ಈ ಡಬ್ಬಿನ ಯಾವ್ದಾದ್ರೂ ಒಂದು ಪ್ಲಗ್‌ಗೆ ಸಿಗ್ಸಿ ಬಿಟ್ರೆ ಆಯ್ತು, ಕರೆಂಟ್ ಬಿಲ್ ಅರ್ಧಕ್ಕರ್ಧ ಇಳಿಯುತ್ತೆ. 2999ದು 799ಕ್ಕೆ ಕೊಡ್ತಿದಾರೆ, ಒಂದು ತಗೊಂಡ್ರೆ ಇನ್ನೊಂದು ಫ್ರೀ. ನಾನು ಹಾಕಿ ಒಂದು ತಿಂಗಳಾಯ್ತು, ಕೆಲಸ ಮಾಡ್ತಿದೆ ಅದಕ್ಕೇ ಹೇಳ್ತಿರೋದು

ಶಿರಾ ಚಿಕ್ಕಮ್ಮ: ಹೌದಾ ಭಾವ, ನಮಗೂ ಒಂದು ಬುಕ್ ಮಾಡಿ, ದುಡ್ಡು ಫೋನ್‌ಪೇ ಮಾಡ್ತೀನಿ

ನಾನು: ಚಿಕ್ಕಮ್ಮ ತಡೀರಿ. ದೊಡ್ಡಪ್ಪ ಅದು ಮೋಸ, ಯಾರೂ ತಗೋಬೇಡಿ

ತಿಪಟೂರು ದೊಡ್ಡಪ್ಪ: ಪುಟ್ಟಿ, ನೋಡ್ದೆ ಮಾಡ್ದೆ ಹೆಂಗಮ್ಮ ಹೇಳ್ತೀಯ. ಹೋದ ಬಿಲ್ಲು 212 ಯೂನಿಟ್, ಸಾವಿರದೈನೂರು ದಾಟಿತ್ತು. ಡಬ್ಬಿ ಹಾಕಿದ್ಮೇಲೆ 186. ಕಟ್ಟಿದ್ದು ನೂರ ಚಿಲ್ರೆ. ಇನ್ನೇನು ಪ್ರೂಫ್ ಬೇಕು ನಿಂಗೆ

ರೂಪಕ್ಕ: ಅಪ್ಪ ಆ ವಿಡಿಯೋದಲ್ಲಿ ಇಲಾನ್ ಮಸ್ಕ್ ಹಿಂದಿಲಿ ಮಾತಾಡ್ತಿದಾನೆ, ತುಟಿ ಒಂದು ಕಡೆ ಮಾತು ಒಂದು ಕಡೆ. ಅದನ್ನ ನೋಡಿ ತಗೊಂಡ್ರಾ ನೀವು

ತಿಪಟೂರು ದೊಡ್ಡಪ್ಪ: ಮಸ್ಕೋ ಮಣ್ಣೋ ನಂಗೆ ಬೇಕಿಲ್ಲ. ಬಿಲ್ ಇಳೀತೋ ಇಲ್ವೋ

ಗುಬ್ಬಿ ಮಾವ: ರೂಪ, ವಿಡಿಯೋ ಸುಳ್ಳಿರಬೋದು ಆದ್ರೆ ಐಟಂ ಪೂರ್ತಿ ಸುಳ್ಳು ಅನ್ನಕ್ಕಾಗಲ್ಲ. ಒಳಗಡೆ ಇರೋದು ಕಂಡೆನ್ಸರ್, ಅಂದ್ರೆ ಕರೆಂಟ್ ತುಂಬ್ಕೊಂಡು ವಾಪಸ್ ಬಿಡೋ ಕೆಪಾಸಿಟರ್. ನಾನು ಇಪ್ಪತ್ತು ವರ್ಷದಿಂದ ಮೋಟ್ರು ವೈಂಡಿಂಗ್ ಮಾಡ್ತಿದೀನಿ, ಪಂಪ್‌ಸೆಟ್‌ಗೆ ಕಂಡೆನ್ಸರ್ ಹಾಕೋದಕ್ಕೆ ಮುಂಚೆ ಕ್ಲಾಂಪ್ ಮೀಟರ್ ಹಿಡಿದ್ರೆ ಏಳು ಆಂಪ್ಸ್ ಇರುತ್ತೆ ಹಾಕಿದ್ಮೇಲೆ ಐದಕ್ಕೆ ಬರುತ್ತೆ, ಇದು ನಾನು ಕಣ್ಣಾರೆ ಕಂಡಿದ್ದು ಯಾವ ಯೂಟ್ಯೂಬ್ ನೋಡಿ ಹೇಳ್ತಿರೋದಲ್ಲ, ಅಕ್ಕಿ ಮಿಲ್ಲಿನೋರು ಪವರ್ ಫ್ಯಾಕ್ಟರ್ (ಎಳೆದ ಕರೆಂಟಲ್ಲಿ ನಿಜವಾಗಿ ಕೆಲಸಕ್ಕೆ ಬರೋ ಪಾಲು) ಬಿದ್ರೆ ದಂಡ ಬರುತ್ತೆ ಅಂತ ಪ್ಯಾನೆಲ್ಲೇ ಕೂರಿಸ್ಕೊಂಡಿದಾರೆ, ಅವರೇನು ದಡ್ಡರಾ

ತಿಪಟೂರು ದೊಡ್ಡಪ್ಪ: ಹಂಗೆ ಹೇಳಯ್ಯ! ಫೀಲ್ಡಲ್ಲಿರೋರ ಮಾತು ಕೇಳಬೇಕು

(ಇಲ್ಲಿ ಒಂದು ನಿಮಿಷ ನಂಗೂ ಏನು ಬರೀಬೇಕು ಅಂತ ಗೊತ್ತಾಗ್ಲಿಲ್ಲ. ಯಾಕಂದ್ರೆ ಮಾವ ಹೇಳಿದ್ದು ಅಷ್ಟೂ ನಿಜ. ಈ ಡಬ್ಬಿ ಮಾರೋರು ಬದುಕಿರೋದೇ ಆ ಅರ್ಧ ನಿಜದ ಮೇಲೆ.)

ನಾನು: ಮಾವ ನೀವು ಹೇಳಿದ್ದು ಸರಿ, ಆಂಪ್ಸ್ ಇಳಿಯುತ್ತೆ. ವಿಡಿಯೋದಲ್ಲಿ ತೋರಿಸೋದೂ ಅದನ್ನೇ. ಆದ್ರೆ ಮನೆ ಮೀಟರ್ ಆಂಪ್ಸ್ ಲೆಕ್ಕ ಹಾಕಲ್ಲ, ನಿಜವಾಗಿ ಖರ್ಚಾದ ವ್ಯಾಟ್ ಲೆಕ್ಕ ಹಾಕುತ್ತೆ. ಮೋಟ್ರು ತಿರುಗೋಕೆ ಒಳಗೆ ಕಾಂತ ಎಬ್ಬಿಸಬೇಕಲ್ಲ, ಅದಕ್ಕೆ ಲೈನಿಂದ ಸ್ವಲ್ಪ ಕರೆಂಟ್ ಕೈಸಾಲ ತಗೊಂಡು ತಕ್ಷಣ ವಾಪಸ್ ಕೊಡ್ತಾ ಇರುತ್ತೆ, ಸೆಕೆಂಡಿಗೆ ನೂರು ಸಲ. ಕಂಡೆನ್ಸರ್ ಹಾಕಿದ್ರೆ ಆ ಕೈಸಾಲ ಲೈನಿಂದ ಬೇಡ, ಪಕ್ಕದಲ್ಲೇ ಸಿಗುತ್ತೆ. ಚಿಕ್ಕಮ್ಮ ಪಕ್ಕದ ಮನೆಯಿಂದ ಒಂದು ಲೋಟ ಸಕ್ಕರೆ ತಂದು ಸಾಯಂಕಾಲ ವಾಪಸ್ ಕೊಟ್ರೆ ಅದು ತಿಂಗಳ ರೇಷನ್ ಖರ್ಚಿಗೆ ಬರುತ್ತಾ? ಮನೆ ಮೀಟರ್ ಬರೆಯೋದು ಕಾಫಿಗೆ ಹಾಕಿ ಕುಡಿದ ಸಕ್ಕರೆ ಮಾತ್ರ. ಮಿಲ್ಲಿಗೆ ಆ ಕೈಸಾಲದ್ದೂ ಲೆಕ್ಕ ಇರುತ್ತೆ, ಪವರ್ ಫ್ಯಾಕ್ಟರ್ ತೀರ ಬಿದ್ರೆ ದಂಡ ಹಾಕ್ತಾರೆ. ದೊಡ್ಡಪ್ಪನ ಬಿಲ್ಲಲ್ಲಿ ಆ ದಂಡನೇ ಇಲ್ವಲ್ಲ, ಇಲ್ಲದಿರೋದನ್ನ ಉಳಿಸೋದು ಹೆಂಗೆ

ಶಿರಾ ಚಿಕ್ಕಮ್ಮ: ನಾನು ಯಾರ ಮನೇಲೂ ಸಕ್ಕರೆ ಕೇಳಿಲ್ಲ ಕಣಮ್ಮ

ರೂಪಕ್ಕ: 😂

ಗುಬ್ಬಿ ಮಾವ: ಅದು ಸರಿ. ಹೊಲದ ಪಂಪಿನ ಐಪಿ ಸೆಟ್‌ಗೆ ಬಿಲ್ಲೇ ಬರಲ್ಲ, ನಾವು ಹಾಕೋದು ಲೈನ್ ಮೇಲೆ ಲೋಡ್ ಕಮ್ಮಿ ಆಗ್ಲಿ ಓಲ್ಟೇಜ್ ನಿಲ್ಲಲಿ ಅಂತ. ಮನೆ ಬಿಲ್ಲಿನ ಕಡೆಯಿಂದ ನಾನು ಯೋಚ್ನೆ ಮಾಡಿರ್ಲಿಲ್ಲ

ತಿಪಟೂರು ದೊಡ್ಡಪ್ಪ: ನೀನೂ ಪಕ್ಷ ಬಿಟ್ಯಾ. ಥಿಯರಿ ಎಲ್ಲ ಒಂದು ಕಡೆ ಇರಲಿ, 212 ಇದ್ದಿದ್ದು 186 ಆಗಿದ್ದು ಹೆಂಗೆ ಅದನ್ನ ಹೇಳಿ ಮೊದ್ಲು. ಸಾವಿರದೈನೂರು ಎಲ್ಲಿ ನೂರೆಲ್ಲಿ

ನಾನು: ದೊಡ್ಡಪ್ಪ ದುಡ್ಡು ಅಷ್ಟೊಂದು ಇಳಿದಿದ್ದು ಗೃಹಜ್ಯೋತಿ ಲೆಕ್ಕದಿಂದ. 2022-23ರಲ್ಲಿ ನಿಮ್ಮ ಸರಾಸರಿ 150, ಅದರ ಮೇಲೆ ಶೇಕಡಾ 10, ಅಂದ್ರೆ 165 ಯೂನಿಟ್ ನಿಮಗೆ ಫ್ರೀ. ಅದಕ್ಕಿಂತ ಮೇಲೆ 200ರ ಒಳಗಿದ್ರೆ ಮೇಲಿನದಕ್ಕೆ ಮಾತ್ರ ದುಡ್ಡು, 200 ದಾಟಿದ್ರೆ ಪೂರ್ತಿ ಬಿಲ್ಲು. 212ಕ್ಕೆ ಪೂರ್ತಿ ಬಂತು, 186ಕ್ಕೆ 21 ಯೂನಿಟ್‌ದು ಬಂತು. ಡಬ್ಬಿ ಇಲ್ದೆ 186 ಬಂದಿದ್ರೂ ಅಷ್ಟೇ ಕಟ್ತಿದ್ರಿ. ಈ ಡಬ್ಬಿ ಮಾರೋರಿಗೆ ನಮ್ಮ ಕಡೆ ವ್ಯಾಪಾರ ಆಗ್ತಿರೋದೇ 195, 205 ಅಂತ ಅಂಚಲ್ಲಿ ಒದ್ದಾಡೋರಿಂದ

ತಿಪಟೂರು ದೊಡ್ಡಪ್ಪ: ದುಡ್ಡು ಬಿಡು. 26 ಯೂನಿಟ್ ಎಲ್ಲೋಯ್ತು

ನಾನು: ಎರಡೂ ಬಿಲ್ ಫೋಟೋ ಹಾಕಿ

(ಹಾಕಿದ್ರು. ಒಂದು ತಲೆಕೆಳಗು, ಇನ್ನೊಂದರ ಮೇಲೆ ಕಾಫಿ ಲೋಟದ ಗುರುತು.)

ನಾನು: ಬಿಲ್ ಮೇಲೆ ರೀಡಿಂಗ್ ತಾರೀಕು ನೋಡಿ. ಹೋದ ಸಲದ್ದು 33 ದಿನಕ್ಕೆ, ಈ ಸಲದ್ದು 29 ದಿನಕ್ಕೆ. ಅವಾಗ ನೀವು ಧರ್ಮಸ್ಥಳಕ್ಕೆ ಹೋಗಿ ಬಾಗಿಲು ಹಾಕಿತ್ತು, ಮೀಟರ್ ಒಳಗಡೆ ಇದೆ, ರೀಡಿಂಗಿಗೆ ಬಂದೋರು ವಾಪಸ್ ಹೋಗಿ ಆಮೇಲೆ ಬಂದ್ರು ಅಂತ ದೊಡ್ಡಮ್ಮ ಹೇಳಿದ್ರಲ್ಲ. ನೀವೇ ಲೆಕ್ಕದ ಮೇಷ್ಟ್ರು, ದಿನಕ್ಕೆಷ್ಟು ಅಂತ ಭಾಗಿಸಿ ನೋಡಿ, ನಾನು ಹೇಳಲ್ಲ

ಇಪ್ಪತ್ತು ನಿಮಿಷ ಯಾರೂ ಏನೂ ಬರೀಲಿಲ್ಲ. ದೊಡ್ಡಪ್ಪ ಟೈಪ್ ಮಾಡ್ತಿದಾರೆ ಅಂತ ಬರೋದು, ನಿಲ್ಲೋದು.

ತಿಪಟೂರು ದೊಡ್ಡಪ್ಪ: 6.42

ತಿಪಟೂರು ದೊಡ್ಡಪ್ಪ: 6.41

ರೂಪಕ್ಕ: ಅಪ್ಪ ದಿನಕ್ಕೆ 0.01 ಉಳಿಸಿದೀರಾ, ಕಂಗ್ರಾಟ್ಸ್

ತಿಪಟೂರು ದೊಡ್ಡಪ್ಪ: ಸುಮ್ನಿರೇ. ಮಧ್ಯೆ ಸೆಖೆ ಜಾಸ್ತಿ ಆಯ್ತು, ಎರಡು ಫ್ಯಾನ್ ರಾತ್ರಿಯೆಲ್ಲ ಓಡ್ತು. ಡಬ್ಬಿ ಇಲ್ದಿದ್ರೆ 7 ಬರ್ತಿತ್ತೋ ಏನೋ. ಅದೂ ಅಲ್ದೆ ವೈರಿಂಗಿಗೆ ಹೊಂದ್ಕೊಳ್ಳೋಕೆ ಮೂರು ತಿಂಗಳು ಬೇಕು ಅಂತ ಚೀಟಿಲಿ ಬರ್ದಿದಾರೆ

ನಾನು: ಹೊಂದ್ಕೊಳ್ಳೋಕೆ ಮೂರು ತಿಂಗಳು, ರಿಟರ್ನ್ ಮಾಡೋಕೆ ಏಳು ದಿನ. ದೊಡ್ಡಪ್ಪ ಇದೊಂದೇ ಸಾಕಲ್ವಾ? ಆದ್ರೂ ನೀವು ಹೇಳಿದ್ದು ನ್ಯಾಯ, ಸೆಖೆ ಜಾಸ್ತಿ ಆಗಿದ್ರೆ ಬಿಲ್ಲಿಂದ ಗೊತ್ತಾಗಲ್ಲ. ಈಗಲೇ ಪರೀಕ್ಷೆ ಮಾಡೋಣ. ಮೀಟರಲ್ಲಿ ಸಣ್ಣ ಕೆಂಪು ದೀಪ ಮಿಣುಕ್ತಿರುತ್ತೆ, ಪಕ್ಕದಲ್ಲಿ 3200 ಅಂತ ಬರ್ದಿರುತ್ತೆ, ಕೆಲವದ್ರಲ್ಲಿ 1600. ಅಷ್ಟು ಸಲ ಮಿಣುಕಿದ್ರೆ ಒಂದು ಯೂನಿಟ್. ಫ್ರಿಜ್ಜು, ಯುಪಿಎಸ್ಸು, ಟಿವಿ ಎಲ್ಲ ಆಫ್ ಮಾಡಿ ಇಸ್ತ್ರಿ ಪೆಟ್ಟಿಗೆ ಒಂದೇ ಹಾಕಿ ಒಂದು ನಿಮಿಷ ಎಣಿಸಿ. ಡಬ್ಬಿ ಇಲ್ದೆ ಒಂದ್ಸಲ, ಡಬ್ಬಿ ಹಾಕಿ ಒಂದ್ಸಲ. ಆಮೇಲೆ ಫ್ಯಾನ್ ಒಂದೇ ಹಾಕಿ ಐದೈದು ನಿಮಿಷ

ಶಿರಾ ಚಿಕ್ಕಮ್ಮ: ಅಷ್ಟೆಲ್ಲ ಯಾಕೆ, ನಮ್ಮ ಬೀದಿಲಿ ಯಾರೋ ಮೀಟರ್ ಮೇಲೆ ಮ್ಯಾಗ್ನೆಟ್ ಇಡ್ತಾರಂತೆ

ಅಪ್ಪ: ಅದನ್ನ ಡಿಲೀಟ್ ಮಾಡಮ್ಮ. 2003ರ ವಿದ್ಯುತ್ ಕಾಯ್ದೆ ಸೆಕ್ಷನ್ 135, ಕರೆಂಟ್ ಕಳ್ಳತನದ ಕೇಸು

(ನಮ್ಮಪ್ಪ ಈ ಗುಂಪಲ್ಲಿ ಕೈ ಮುಗಿಯೋ ಚಿತ್ರ ಬಿಟ್ಟು ಬೇರೆ ಏನಾದ್ರೂ ಹಾಕಿದ್ದು ಇದೇ ಮೊದಲು.)

ತಿಪಟೂರು ದೊಡ್ಡಪ್ಪ: ನೋಟ್ ಮಾಡ್ಕೊಳ್ಳಿ. ಇಸ್ತ್ರಿ ಪೆಟ್ಟಿಗೆ, ಡಬ್ಬಿ ಇಲ್ದೆ 50. ಡಬ್ಬಿ ಹಾಕಿ 50. ಇನ್ನೊಂದ್ಸಲ ಎಣಿಸಿದೆ, 51. 3200ರ ಲೆಕ್ಕದಲ್ಲಿ ಸಾವಿರ ವ್ಯಾಟಿಗೆ 53 ಬರಬೇಕಿತ್ತು

ಗುಬ್ಬಿ ಮಾವ: ಓಲ್ಟೇಜ್ ಕಮ್ಮಿ ಇದೆ ಭಾವ ಅದಕ್ಕೆ. ಇಸ್ತ್ರಿ ಪೆಟ್ಟಿಗೆಲಿ ಕಾಯಿಲ್ ಕಾಯೋದಷ್ಟೇ, ಅಲ್ಲಿ ಕಂಡೆನ್ಸರಿಗೆ ಕೆಲಸನೇ ಇಲ್ಲ. ಫ್ಯಾನಿಂದು ಹೇಳಿ

ತಿಪಟೂರು ದೊಡ್ಡಪ್ಪ: ಫ್ಯಾನ್, ಡಬ್ಬಿ ಇಲ್ದೆ ಐದು ನಿಮಿಷಕ್ಕೆ 21. ಡಬ್ಬಿ ಹಾಕಿ 21

ತಿಪಟೂರು ದೊಡ್ಡಪ್ಪ: ಡಬ್ಬಿ ಮೇಲೆ ಹಸಿರು ದೀಪ ಮಾತ್ರ ಚೆನ್ನಾಗಿ ಉರೀತಿದೆ

ಗುಬ್ಬಿ ಮಾವ: (ಫೋಟೋ) ಫ್ರೀ ಅಂತ ನನಗೆ ಕಳ್ಸಿದ್ರಲ್ಲ, ಅದನ್ನ ಬಿಚ್ಚಿದೆ. ಪ್ಲಗ್ಗಿಂದ ತೆಗೆದು ಸ್ವಲ್ಪ ಹೊತ್ತು ಬಿಟ್ಟೇ ಬಿಚ್ಚಿದ್ದು, ಬೇರೆ ಯಾರೂ ಕೈ ಹಾಕಬೇಡಿ ಕಂಡೆನ್ಸರಲ್ಲಿ ಕರೆಂಟ್ ನಿಂತಿರುತ್ತೆ ಹೊಡಿಯುತ್ತೆ. ಒಳಗೆ ನೋಡಿ, ಒಂದು ಹಳದಿ ಕಂಡೆನ್ಸರ್, ನಾಲ್ಕು ಡಯೋಡ್, ದೀಪ. ಮುಗೀತು. ಫ್ಯೂಸ್ ಕೂಡ ಇಲ್ಲ. ಇಪ್ಪತ್ನಾಲ್ಕು ಗಂಟೆ ಪ್ಲಗ್ಗಲ್ಲಿ ಇಡೋ ಐಟಂಗೆ ಫ್ಯೂಸ್ ಬೇಡ್ವಾ

ರೂಪಕ್ಕ: ಅಪ್ಪ ಈಗ್ಲೇ ತೆಗೀರಿ ಅದನ್ನ. ರಟ್ಟಿನ ಡಬ್ಬ ಇದ್ಯಾ? ಮಾಡಿದೋರ ಹೆಸರು, ಅಡ್ರೆಸ್ಸು, ಐಎಸ್‌ಐ ಮಾರ್ಕು ಏನಾದ್ರೂ ಇದ್ಯಾ ನೋಡಿ

ತಿಪಟೂರು ದೊಡ್ಡಪ್ಪ: ತೆಗ್ದೆ. ಹೆಸರಿಲ್ಲ. ಒಂದು ವಾಟ್ಸಾಪ್ ನಂಬರ್ ಇದೆ, ಮೆಸೇಜ್ ಮಾಡಿದ್ರೆ ಒಂದೇ ಟಿಕ್ಕು

ರೂಪಕ್ಕ: ಗ್ರಾಹಕರ ಸಹಾಯವಾಣಿ 1915ಕ್ಕೆ ಫೋನ್ ಮಾಡಿ ಹೇಳೋಣ. ಪ್ಯಾಕೆಟ್ ಮೇಲೆ ತಯಾರಕರ ವಿಳಾಸ ಇಲ್ದೆ ಮಾರೋದೇ ತಪ್ಪು. ಪಾರ್ಸೆಲ್ ಚೀಟಿ ಎಸೀಬೇಡಿ

ತಿಪಟೂರು ದೊಡ್ಡಪ್ಪ: 799ಕ್ಕೆ ಯಾರು ಅಲೀತಾರೆ

ರೂಪಕ್ಕ: ಅಲಿಯೋದೇನಿಲ್ಲ ಅಪ್ಪ ಫೋನ್ ಅಷ್ಟೇ. ಎಲ್ರೂ ಹಂಗೆ ಬಿಡೋದಕ್ಕೇ ಅವರು 799 ಇಟ್ಟಿರೋದು, ಏಳೆಂಟು ಸಾವಿರ ಇಟ್ಟಿದ್ರೆ ಜನ ಬಿಡ್ತಿದ್ರಾ

ಶಿರಾ ಚಿಕ್ಕಮ್ಮ: ಹಂಗಾದ್ರೆ ಬಿಲ್ ಇಳಿಸೋಕೆ ಏನ್ ಮಾಡ್ಬೇಕು ಅದನ್ನಾದ್ರೂ ಹೇಳಮ್ಮ

ನಾನು: ರಾತ್ರಿಯೆಲ್ಲ ಓಡೋ ಫ್ಯಾನ್ ಮೊದ್ಲು ಬದಲಾಯ್ಸಿ ಚಿಕ್ಕಮ್ಮ. ಹಳೇದು 75 ವ್ಯಾಟ್, ಕಮ್ಮಿ ಕರೆಂಟ್ ಎಳೆಯೋ ಹೊಸ ನಮೂನೆ ಬಿಎಲ್‌ಡಿಸಿ ಫ್ಯಾನ್ 30ರ ಆಸುಪಾಸು. ಆಮೇಲೆ ಗೀಸರ್. 2000 ವ್ಯಾಟಿಂದು ಅರ್ಧ ಗಂಟೆ ಕಾದ್ರೆ ಒಂದು ಯೂನಿಟ್ ಹೋಯ್ತು

ಆಮೇಲೆ ದೊಡ್ಡಮ್ಮನ ವಾಯ್ಸ್ ಮೆಸೇಜ್ ಬಂತು. ಅವ್ರು ಟೈಪ್ ಮಾಡಲ್ಲ. ಕೇಳಿಸ್ಕೊಂಡಿದ್ದು ಹಂಗೇ ಬರೀತೀನಿ: "ಇವ್ರು ಬೆಳಿಗ್ಗೆ ಐದಕ್ಕೆ ಗೀಸರ್ ಹಾಕಿ ವಾಕಿಂಗ್ ಹೋಗ್ತಾರೆ, ಬರೋದು ಏಳಕ್ಕೆ, ದಾರೀಲಿ ಹೋಟ್ಲಲ್ಲಿ ಕೂತ್ಕೋತಾರೆ. ಕಾದಿದ್ದು ಆರಿ ಮತ್ತೆ ಕಾಯ್ತಾ ಇರುತ್ತೆ. ಹಿತ್ತಲಲ್ಲಿ ತೆಂಗಿನ ಮಟ್ಟೆ, ಕರಟ ಆಳೆತ್ತರ ಬಿದ್ದೈತೆ, ನೀರೊಲೆ ಹಂಡೆ ಐತೆ, ಹೊಗೆ ಬರುತ್ತೆ ಅಂತ ಮುಟ್ಟಲ್ಲ. ತಿಪಟೂರಲ್ಲಿ ಇದ್ಕೊಂಡು ಸ್ನಾನಕ್ಕೆ ಕರೆಂಟು. ಡಬ್ಬಿ ತರ್ಸೋಕೆ ಮುಂಚೆ ನನ್ನೊಂದ್ ಮಾತು ಕೇಳಿದ್ರಾ ಇವ್ರು?"

ರೂಪಕ್ಕ: ಅಮ್ಮ 🔥

ತಿಪಟೂರು ದೊಡ್ಡಪ್ಪ: ಮನೆ ವಿಷಯ ಗುಂಪಲ್ಲಿ ಬೇಡ ಅಂತ ಎಷ್ಟು ಸಲ ಹೇಳಿದೀನಿ

ಗುಬ್ಬಿ ಮಾವ: ಭಾವ, ನಿಮ್ಮ ಹತ್ರ ಇರೋ ಡಬ್ಬಿ ಎಸೀಬೇಡಿ. ಬುಧವಾರ ಬರ್ತೀನಿ, ಕಂಡೆನ್ಸರ್ ತೆಗ್ದು ನಮ್ಮ ಹಾಲಿನ ಫ್ಯಾನಿಗೆ ಹಾಕ್ತೀನಿ, ನಿಧಾನ ತಿರುಗ್ತಿದೆ

ನಾನು: ಮಾವ ಫೋಟೋದಲ್ಲಿ ಅದರ ಮೇಲೆ 250 ಓಲ್ಟ್ ಅಂತ ಇದೆ. ಫ್ಯಾನಿಗೆ 440ದು ಬೇಕು

ಗುಬ್ಬಿ ಮಾವ: ಹೌದಲ್ಲ. ಎಸೀರಿ ಭಾವ