ಮಾರ್ಕೋನಿ ಸ್ಮರಣೆಯ ದಿನದಂದು ವಸ್ತುಸಂಗ್ರಹಾಲಯದಲ್ಲಿ ಹ್ಯಾಮ್ ಕೇಂದ್ರ: ಬಂದವರಿಗೆ ಏನನ್ನು ತೋರಿಸಬೇಕು?

ಪ್ರಶ್ನೆ:
ನಿಸ್ತಂತು ಸಂವಹನದ ಪ್ರವರ್ತಕ ಮಾರ್ಕೋನಿಯ ಜನ್ಮದಿನವಾದ ಏಪ್ರಿಲ್ 25ಕ್ಕೆ ಸಮೀಪದ ಶನಿವಾರದಂದು, ಹಳೆಯ ನಿಸ್ತಂತು ಸಲಕರಣೆಗಳನ್ನು ಕಾಪಾಡಿಕೊಂಡು ಬಂದಿರುವ ವಸ್ತುಸಂಗ್ರಹಾಲಯವೊಂದರಲ್ಲಿ ನಮ್ಮ ಹವ್ಯಾಸಿ (ಹ್ಯಾಮ್) ರೇಡಿಯೋ ಸಂಘವು ಸಾರ್ವಜನಿಕ ಕೇಂದ್ರವನ್ನು ನಡೆಸಲಿದೆ. ಇಂಥ ಕೇಂದ್ರಗಳಲ್ಲಿ ಆಪರೇಟರ್ ಹೆಡ್‌ಫೋನ್ ಧರಿಸಿ, ಇತರ ಕೇಂದ್ರಗಳೊಂದಿಗಿನ ಸಂಪರ್ಕಗಳನ್ನು ದಾಖಲಿಸುತ್ತ ಕುಳಿತಿರುತ್ತಾರೆ. ಬಂದವರು ಅವರ ಬೆನ್ನನ್ನು ನೋಡಿ ಮುಂದೆ ಸಾಗುತ್ತಾರೆ. ಇದನ್ನು ತಪ್ಪಿಸುವುದು ಹೇಗೆ? ಸಂದರ್ಶಕರಿಗೆ ಮೈಕ್ ಕೊಡಬಹುದೇ? ಅಲ್ಲಿರುವ ಹಳೆಯ ಸ್ಪಾರ್ಕ್ ಪ್ರೇಷಕವನ್ನು (ವಿದ್ಯುತ್ ಕಿಡಿಯಿಂದ ರೇಡಿಯೋ ತರಂಗ ಹೊರಡಿಸುವ ಉಪಕರಣವನ್ನು) ಚಾಲೂ ಮಾಡಬಹುದೇ?

ಉತ್ತರ 1:
ಮೈಕ್ ವಿಚಾರದಲ್ಲಿ ಮೊದಲು ನಿಮ್ಮ ಪರವಾನಗಿಯ ಷರತ್ತುಗಳನ್ನು ಓದಿಕೊಳ್ಳಿ. ಅಂತರರಾಷ್ಟ್ರೀಯ ರೇಡಿಯೋ ನಿಯಮಗಳ 25ನೆಯ ವಿಧಿಯ ಪ್ರಕಾರ, ಹವ್ಯಾಸಿ ಕೇಂದ್ರವು ಮೂರನೆಯವರ (ಇಲ್ಲಿ, ಪರವಾನಗಿ ಇಲ್ಲದ ಸಂದರ್ಶಕರ) ಪರವಾಗಿ ಬೇರೆ ದೇಶಕ್ಕೆ ಸಂದೇಶ ಕಳುಹಿಸಬಹುದಾದದ್ದು ತುರ್ತು ಪರಿಸ್ಥಿತಿ ಅಥವಾ ವಿಪತ್ತು ಪರಿಹಾರದ ಸಂದರ್ಭದಲ್ಲಿ ಮಾತ್ರ. ಆದರೆ ಇದನ್ನು ತಮ್ಮಲ್ಲಿ ಹೇಗೆ ಅನ್ವಯಿಸಬೇಕೆಂಬುದನ್ನು ಆಯಾ ದೇಶದ ಆಡಳಿತವೇ ನಿರ್ಧರಿಸಬಹುದು. ಅನುಮತಿ ಇದ್ದಲ್ಲಿ, ಪರವಾನಗಿ ಇರುವವರು ಪಕ್ಕದಲ್ಲೇ ಕುಳಿತು, ಕರೆ ಸಂಕೇತವನ್ನು (ಕೇಂದ್ರದ ಗುರುತಿನ ಹೆಸರನ್ನು) ತಾವೇ ಹೇಳಿ, ಉಪಕರಣದ ನಿಯಂತ್ರಣವನ್ನು ಕೈಬಿಡದೆ ಮಾತನಾಡಿಸಬೇಕು.

ಅನುಮತಿ ಇಲ್ಲದಿದ್ದರೂ ನಿರಾಶರಾಗಬೇಕಿಲ್ಲ. ಚುಕ್ಕೆ-ಗೆರೆಗಳ ಮೋರ್ಸ್ ಸಂಕೇತವನ್ನು ಒತ್ತುವ ಕೀಯೊಂದನ್ನು ಅಭ್ಯಾಸದ ಆಸಿಲೇಟರಿಗೆ (ಒತ್ತಿದಾಗ ಬೀಪ್ ಸದ್ದು ಮಾಡುವ ಸಾಧನಕ್ಕೆ) ಜೋಡಿಸಿಡಿ. ಅದು ಏನನ್ನೂ ಪ್ರಸಾರ ಮಾಡುವುದಿಲ್ಲವಾದ್ದರಿಂದ ಯಾರು ಬೇಕಾದರೂ ಒತ್ತಬಹುದು. 1901ರ ಡಿಸೆಂಬರ್ 12ರಂದು ಇಂಗ್ಲೆಂಡಿನ ಪೋಲ್ಡುವಿನಿಂದ ಹೊರಟ ‘ಎಸ್’ ಅಕ್ಷರದ ಮೂರು ಚುಕ್ಕೆಗಳನ್ನು ನ್ಯೂಫೌಂಡ್‌ಲ್ಯಾಂಡಿನಲ್ಲಿ ಕೇಳಿದ್ದಾಗಿ ಮಾರ್ಕೋನಿ ಹೇಳಿದ್ದರು. ಆ ಅಕ್ಷರವನ್ನು ಚಿಕ್ಕ ಮಗುವೂ ಕೂಡಲೇ ಕಲಿಯುತ್ತದೆ. (ಹಗಲು ಹೊತ್ತಿನಲ್ಲಿ ಅಂಥ ತರಂಗಗಳನ್ನು ಅಯಾನುಗೋಳದ (ವಾತಾವರಣದ ಮೇಲ್ಭಾಗದಲ್ಲಿರುವ ವಿದ್ಯುದಾವೇಶದ ವಲಯದ) ಕೆಳಪದರವು ಹೀರಿಬಿಡುವುದರಿಂದ, ಅವರು ನಿಜಕ್ಕೂ ಕೇಳಿದರೇ ಎಂಬ ಸಂದೇಹ ತಜ್ಞರಲ್ಲಿ ಇಂದಿಗೂ ಇದೆ. ಸಂದರ್ಶಕರಿಗೆ ಇದನ್ನೂ ಹೇಳಿ. ಭಕ್ತಿಗಿಂತ ಸಂದೇಹವೇ ಹೆಚ್ಚು ಪ್ರಶ್ನೆಗಳನ್ನು ಹುಟ್ಟಿಸುತ್ತದೆ.)

ಉತ್ತರ 2:
ಸ್ಪಾರ್ಕ್ ಪ್ರೇಷಕವನ್ನು ಆಂಟೆನಾಕ್ಕೆ ಜೋಡಿಸಿ ಚಾಲೂ ಮಾಡಲೇಬೇಡಿ. ಅದರ ಕ್ಷೀಣಿಸುವ ತರಂಗಗಳು ವಿಶಾಲವಾದ ಆವೃತ್ತಿ ವ್ಯಾಪ್ತಿಯಲ್ಲಿ ಹರಡಿ ಇತರರಿಗೆ ತೊಂದರೆ ಕೊಡುವುದರಿಂದಲೇ ಅದು ಇಂದು ನಿಷಿದ್ಧ. ಅದರ ಸದ್ದಿನ ಧ್ವನಿಮುದ್ರಿಕೆಯೊಂದನ್ನು ಕೇಳಿಸಿದರೆ ಸಾಕು.

ಹಗಲಿನಲ್ಲಿ ಕೆಲವು ನೂರು ಕಿಲೋಮೀಟರ್‌ಗಳೊಳಗಿನ ಮಾತುಕತೆಗೆ 7 ಮೆಗಾಹರ್ಟ್ಸ್, ದೂರದ ದೇಶಗಳಿಗೆ 14 ಮೆಗಾಹರ್ಟ್ಸ್ ಬ್ಯಾಂಡ್ ಸೂಕ್ತ. ಆದರೆ ಪ್ರದರ್ಶನ ಪೆಟ್ಟಿಗೆಗಳ ಎಲ್‌ಇಡಿ ದೀಪಗಳ ವಿದ್ಯುತ್ ಘಟಕಗಳು ಎಷ್ಟೋ ಸಲ ರೇಡಿಯೋದಲ್ಲಿ ಕೇಳಿಸುವ ಅಡಚಣೆಯ ಸದ್ದು ಹರಡಿ ದುರ್ಬಲ ಸಂಕೇತಗಳನ್ನು ನುಂಗಿಬಿಡುತ್ತವೆ. ಬ್ಯಾಟರಿಯಿಂದ ನಡೆಯುವ ರೇಡಿಯೋ ಗ್ರಾಹಕವೊಂದನ್ನು ಹಿಡಿದು ಮುಂಚಿತವಾಗಿಯೇ ಕಟ್ಟಡವನ್ನೆಲ್ಲ ಸುತ್ತಿ, ಸದ್ದು ಕಡಿಮೆ ಇರುವ ಮೂಲೆಯನ್ನು ಆರಿಸಿಕೊಳ್ಳಿ. ಹಳೆಯ ಗೋಡೆಗೆ ಮೊಳೆ ಹೊಡೆಯುವ ಬದಲು ಫೈಬರ್‌ಗ್ಲಾಸ್ ಕಂಬದ ಮೇಲೆ ತಂತಿ ಆಂಟೆನಾ ಎತ್ತಿ, ಯಾರೂ ಅದರ ಬಳಿ ಹೋಗದಂತೆ ಹಗ್ಗ ಕಟ್ಟಿ. ನೆಲದ ಮೇಲಿನ ಕೇಬಲ್ ಯಾರ ಕಾಲಿಗೂ ತೊಡರಬಾರದು.

ಉತ್ತರ 3:
ಸಂದರ್ಶಕರತ್ತ ಗಮನ ಕೊಡಬೇಕೆಂದು ಸಂಪರ್ಕಗಳ ಎಣಿಕೆಯನ್ನು ತೀರ ಹಗುರವಾಗಿ ಕಾಣುವುದು ನನಗೆ ಒಪ್ಪಿಗೆಯಿಲ್ಲ. ವಿಶೇಷ ಕರೆ ಸಂಕೇತಕ್ಕಾಗಿ ದೂರದಲ್ಲಿ ಕಾದಿರುವವರೂ ಆ ದಿನದ ಅತಿಥಿಗಳೇ. ಹೆಡ್‌ಫೋನ್ ಬದಲು ಸ್ಪೀಕರ್ ಇಡಿ. ಒಬ್ಬರು ಮೈಕ್ ಬಳಿ ಕುಳಿತರೆ, ಇನ್ನೊಬ್ಬರು ಜನರತ್ತ ಮುಖ ಮಾಡಿ ನಿಂತು, ಈಗ ಕೇಳಿಸಿದ ದನಿ ಎಲ್ಲಿಯದೆಂದು ಭೂಪಟದಲ್ಲಿ ತೋರಿಸಲಿ. ಎರಡನೆಯ ಕೆಲಸವೇ ಹೆಚ್ಚು ಕಷ್ಟದ್ದಾದ್ದರಿಂದ ಅದಕ್ಕೆ ಅನುಭವಿಗಳನ್ನೇ ನಿಲ್ಲಿಸಿ. ಕಂಪ್ಯೂಟರ್ ಮೂಲಕ ಚಿಕ್ಕ ಸಂದೇಶಗಳನ್ನು ಕಳುಹಿಸುವ ಎಫ್‌ಟಿ8 ವಿಧಾನ ಮಾತ್ರ ಬೇಡ: ಹದಿನೈದು ಸೆಕೆಂಡಿಗೊಮ್ಮೆ ಪರದೆಯ ಮೇಲೆ ಸಾಲೊಂದು ಮೂಡುವುದರಲ್ಲಿ ನೋಡುಗರಿಗೆ ಸ್ವಾರಸ್ಯವಿಲ್ಲ. ಆ ಸ್ಪಾರ್ಕ್ ಪ್ರೇಷಕದ ಚಿತ್ರವಿರುವ ಕ್ಯೂಎಸ್‌ಎಲ್ ಕಾರ್ಡುಗಳನ್ನು (ಸಂಪರ್ಕವಾದದ್ದನ್ನು ದೃಢಪಡಿಸುವ ಅಂಚೆ ಕಾರ್ಡುಗಳನ್ನು) ಮುದ್ರಿಸಿದರೆ, ಸಂಪರ್ಕವಾದವರಿಗೆ ಕಳುಹಿಸಿ ಉಳಿದದ್ದನ್ನು ಕೀ ಒತ್ತಿದ ಮಕ್ಕಳಿಗೂ ಕೊಡಬಹುದು.